ಚಾವಿ ಕಾಕಾನ ಕಿಸೆಯಲ್ಲಿತ್ತು, ಗಾಡಿ ಬೆಂಗಳೂರಿನಿಂದ ಚಾಲೂ ಆಯ್ತು

ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ, ಮೂರರ ಸುಮಾರಿಗೆ ಲಿಂಗಸುಗೂರಿನಿಂದ ಕಾಕಾನ ಫೋನ್ ಬಂತು. "ತಮ್ಮಾ, ಗಾಡಿ ತಾನ ಚಾಲೂ ಆಗೇತಿ. ಒಳಗ ಯಾರೂ ಇಲ್ಲ, ಲಾಕ್ ಐತಿ, ಚಾವಿ ನನ್ನ ಕಿಸೇದಾಗ ಐತಿ. ಏನ್ ಮಾಡ್ಲಿ?"

ಫೋನಿನ ಆಚೆ ಇಂಜಿನ್ ಸದ್ದು ನನಗೂ ಕೇಳಿಸುತ್ತಿತ್ತು. ಗಾಡಿಗಿಂತ ಮೊದಲು ನನಗೆ ನೆನಪಾದದ್ದು ಅಜ್ಜಿ. ಊರಿನ ಮನೆಗೆ ಹೊಂದಿಕೊಂಡೇ ತಗಡು ಹೊದಿಸಿದ ಶೆಡ್ಡು ಇದೆ, ಗಾಡಿ ನಿಲ್ಲುವುದು ಅಲ್ಲಿ. ಶೆಡ್ಡಿನ ಕಡೆ ತೆರೆಯುವ ಕಿಟಕಿಯ ಪಕ್ಕದಲ್ಲೇ ಅಜ್ಜಿಯ ಮಂಚ. ಊಟ ಮಾಡಿ ಅಡ್ಡಾಗುವುದು ಅಲ್ಲೇ. "ಕಾಕಾ, ಮೊದಲು ಅಜ್ಜೀನ ಎಬ್ಬಿಸಿ ಹೊರಗ ಕರ್ಕೊಂಡು ಬಾ. ಗೇಟ್ ಪೂರಾ ತೆಗಿ. ಆಮ್ಯಾಲ ಗಾಡಿ ಬಂದ್ ಮಾಡು" ಅಂದೆ.

ಶೆಡ್ಡಿಗೆ ಮುಂದೆ ಇದ್ದದ್ದು ಸರಳಿನ ಗೇಟು. ಗಾಳಿ ಆಡುತ್ತಿತ್ತು. ಅಜ್ಜಿಗೆ ಏನೂ ಆಗಲಿಲ್ಲ. ಆಕೆಯ ಪ್ರಕಾರ ಗಾಡಿಯೊಳಗೆ ಏನೋ ಹೊಕ್ಕಿತ್ತು. ಪಕ್ಕದ ಮನೆಯವರು ಹೊಸ ನಿಂಬೆಹಣ್ಣು ಕಟ್ಟಲು ಹೇಳಿದರು. ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು. ನಾಲ್ಕು ವರ್ಷ ಓದಿದ್ದು ಮನೆಯವರ ದೃಷ್ಟಿಯಲ್ಲಿ ಮೊದಲ ಸಲ ಕೆಲಸಕ್ಕೆ ಬಂದದ್ದು ಅವತ್ತು. ಹೊಕ್ಕಿದ್ದು ಏನು ಅಂತ ಹುಡುಕುತ್ತಾ ಹೋದರೆ, ಅದು ನಾವು ನೀವೆಲ್ಲ ಮಾತಾಡಲೇಬೇಕಾದ ವಿಷಯ ಅನ್ನಿಸಿತು. ಹಾಗಾಗಿ ರಿಮೋಟ್ ಸ್ಟಾರ್ಟ್ ಅನ್ನುವ ಈ ಸೌಲಭ್ಯ ಹೇಗೆ ಕೆಲಸ ಮಾಡುತ್ತದೆ, ಕೈಕೊಟ್ಟರೆ ಏನು ನೋಡಬೇಕು ಅನ್ನುವುದರಿಂದಲೇ ಶುರು ಮಾಡುತ್ತೇನೆ.

ಬಿಸಿಲ ಸೀಮೆಗೆ ಇದು ಬರೀ ಶೋಕಿಯಲ್ಲ

ರಿಮೋಟ್ ಸ್ಟಾರ್ಟ್ ಅಂದಕೂಡಲೇ 'ಶ್ರೀಮಂತರ ಆಟಿಕೆ' ಅಂತ ಮೂಗು ಮುರಿಯುವವರು ಏಪ್ರಿಲ್ ಕೊನೆಯಲ್ಲಿ ಒಮ್ಮೆ ರಾಯಚೂರು ಜಿಲ್ಲೆಗೆ ಬರಬೇಕು. ಹೊರಗೆ 42 ಡಿಗ್ರಿ ಇದ್ದರೆ, ಬಿಸಿಲಿಗೆ ನಿಂತ ಗಾಡಿಯ ಒಳಗೆ 60 ದಾಟುವುದು ದೊಡ್ಡ ಮಾತೇನಲ್ಲ. ಸ್ಟಿಯರಿಂಗ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಕಾಕಾ ಗೊಬ್ಬರದ ಅಂಗಡಿ ಇಟ್ಟವರು. ವಾರಕ್ಕೆ ಎರಡು-ಮೂರು ಸಲ ಮಸ್ಕಿ, ಸಿಂಧನೂರಿನ ಕಡೆ ಓಡಾಟ. ಮದುವೆ ಸೀಜನ್‌ನಲ್ಲಿ ಅಜ್ಜಿ, ಕಾಕು, ಮಕ್ಕಳು ಎಲ್ಲರನ್ನೂ ಕೂರಿಸಿಕೊಂಡು ಹೋಗಬೇಕು. ಎಂಬತ್ತರ ಅಜ್ಜಿಯನ್ನು ಆ ಕುಲುಮೆಯೊಳಗೆ ಕೂರಿಸುವ ಮೊದಲು ಐದು ನಿಮಿಷ ಎಸಿ ಓಡಿದ್ದರೆ ಎಷ್ಟೋ ವಾಸಿ.

ಪೆಟ್ರೋಲ್, ಡೀಸೆಲ್ ಗಾಡಿಯಲ್ಲಿ ಎಸಿಯ ಕಂಪ್ರೆಸರ್ ತಿರುಗುವುದು ಇಂಜಿನ್ನಿನ ಬೆಲ್ಟಿನಿಂದ. ಇಂಜಿನ್ ಓಡದೆ ತಂಪಿಲ್ಲ. ಎಲೆಕ್ಟ್ರಿಕ್ ಗಾಡಿಯಲ್ಲಿ ಕಂಪ್ರೆಸರ್ ಬ್ಯಾಟರಿಯಿಂದ ಓಡುತ್ತದೆ, ಅಲ್ಲಿ ಹೊಗೆಯ ಪ್ರಶ್ನೆಯೇ ಇಲ್ಲ. ಕಾಕಾನ ಗಾಡಿ ಡೀಸೆಲ್ ಎಸ್‌ಯುವಿ, ಆಟೋಮ್ಯಾಟಿಕ್ ಗೇರಿನದು. ಎರಡು ವರ್ಷ ಓಡಿದ್ದನ್ನು ಬೆಂಗಳೂರಿನಿಂದ ಮಧ್ಯವರ್ತಿಯ ಮೂಲಕ ಕೊಂಡದ್ದು.

ಭಾರತದಲ್ಲಿ ಇಂಟರ್ನೆಟ್ ಜೋಡಿಸಿದ ಮಧ್ಯಮ ಬೆಲೆಯ ಗಾಡಿಗಳ ಭರಾಟೆ ಜೋರಾದದ್ದು 2019ರಲ್ಲಿ. ಮೇನಲ್ಲಿ ಹುಂಡೈ ವೆನ್ಯೂ, ಜೂನ್‌ನಲ್ಲಿ ಎಂಜಿ ಹೆಕ್ಟರ್, ಆಗಸ್ಟ್‌ನಲ್ಲಿ ಕಿಯಾ ಸೆಲ್ಟೋಸ್ ಬಂದವು. ಒಳಗೇ ಸಿಮ್ ಇರುವ ಗಾಡಿ ಅನ್ನುವುದೇ ಆಗ ಜಾಹೀರಾತಿನ ಮುಖ್ಯ ಮಾತು. ಆ ಪೀಳಿಗೆಯ ಗಾಡಿಗಳು ಈಗ ಸೆಕೆಂಡ್ ಹ್ಯಾಂಡ್ ಆಗಿ ನಮ್ಮಂಥ ತಾಲೂಕು ಊರುಗಳಿಗೆ ಬರುತ್ತಿವೆ.

ಇಂಜಿನ್ನಿಗೆ ಎರಡು ದಾರಿ

ದೂರದಿಂದ ಇಂಜಿನ್ ಚಾಲೂ ಮಾಡಲು ಎರಡು ದಾರಿಗಳಿವೆ. ಎರಡೂ ಒಂದೇ ಅಂದುಕೊಂಡರೆ ರಿಪೇರಿಯೂ ತಪ್ಪುತ್ತದೆ, ರಾಜಕೀಯವೂ ಅರ್ಥವಾಗುವುದಿಲ್ಲ.

ಒಂದು, ಚಾವಿಯ ದಾರಿ. ನಿಮ್ಮ ಕೈಯಲ್ಲಿರುವ ರಿಮೋಟ್ ಚಾವಿ ಒಂದು ಪುಟ್ಟ ರೇಡಿಯೋ. ಬಟನ್ ಒತ್ತಿದರೆ ಅದು ನೇರವಾಗಿ ಗಾಡಿಗೆ ಸಂದೇಶ ಕಳಿಸುತ್ತದೆ. ಪ್ರತಿ ಸಲವೂ ಸಂಕೇತ ಬದಲಾಗುತ್ತದೆ, ಆದ್ದರಿಂದ ಮಧ್ಯೆ ಯಾರೋ ಕದ್ದು ಕೇಳಿ ಅದನ್ನೇ ಮತ್ತೆ ಹಾಕಿ ಗಾಡಿ ತೆರೆಯುವುದು ಕಷ್ಟ. ಇಲ್ಲಿ ಇಂಟರ್ನೆಟ್ ಇಲ್ಲ, ಕಂಪನಿ ಇಲ್ಲ. ಆದರೆ ದೂರ ಕಮ್ಮಿ. ಅಂಗಳದಿಂದ ಶೆಡ್ಡಿಗೆ ಸಾಕು, ಬಸ್ ಸ್ಟ್ಯಾಂಡಿನಿಂದ ಮನೆಗೆ ಸಾಲದು. ಅನೇಕ ಗಾಡಿಗಳಲ್ಲಿ ಕ್ರಮ ಹೀಗೆ: ಮೊದಲು ಲಾಕ್ ಬಟನ್ ಒತ್ತಬೇಕು, ಕೆಲವೇ ಸೆಕೆಂಡಿನೊಳಗೆ ಸ್ಟಾರ್ಟ್ ಬಟನ್ ಒತ್ತಿ ಎರಡು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಕು. ನಾಲ್ಕೂ ಇಂಡಿಕೇಟರ್ ಮಿಣುಕಿ ಇಂಜಿನ್ ಚಾಲೂ ಆಗುತ್ತದೆ. ಹತ್ತು ನಿಮಿಷದೊಳಗೆ ನೀವು ಬರದಿದ್ದರೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ಚಾವಿ ಇಲ್ಲದವರು ಗಾಡಿಯೊಳಗೆ ಹತ್ತಿ ಓಡಿಸಲು ನೋಡಿದರೂ ನಿಲ್ಲುತ್ತದೆ.

ಇನ್ನೊಂದು, ಮೊಬೈಲ್ ಆ್ಯಪ್‌ನ ದಾರಿ. ಇದು ಸುತ್ತುಬಳಸಿನದು. ನೀವು ಆ್ಯಪ್‌ನಲ್ಲಿ ಒತ್ತಿದ್ದು ಮೊದಲು ಕಂಪನಿಯ ಸರ್ವರಿಗೆ ಹೋಗುತ್ತದೆ. ಈ ಖಾತೆಗೆ ಈ ಗಾಡಿ ಸೇರಿದೆಯೇ, ಚಂದಾ ಚಾಲ್ತಿಯಲ್ಲಿದೆಯೇ ಅಂತ ಸರ್ವರ್ ನೋಡುತ್ತದೆ. ಸರಿ ಅನ್ನಿಸಿದರೆ ಮೊಬೈಲ್ ಟವರಿನ ಮೂಲಕ ಗಾಡಿಯೊಳಗಿನ ಸಿಮ್ಮಿಗೆ ಆಜ್ಞೆ ಕಳಿಸುತ್ತದೆ. ಬ್ಯಾಟರಿ ಉಳಿಸಲು ನಿದ್ದೆಯಲ್ಲಿರುವ ಮೋಡೆಮ್ ಏಳುತ್ತದೆ, ಗಾಡಿಯ ಕಂಪ್ಯೂಟರಿಗೆ ಹೇಳುತ್ತದೆ, ಅದು ಎಲ್ಲ ಸರಿಯಿದೆಯೇ ಎಂದು ನೋಡಿ ಸ್ಟಾರ್ಟರ್ ತಿರುಗಿಸುತ್ತದೆ. 'ಆಯ್ತು' ಅನ್ನುವ ಉತ್ತರ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಹಿಡಿಯುವುದು ಅದಕ್ಕೇ. ಗಾಡಿ ನಿಮ್ಮ ಕಣ್ಣೆದುರೇ ಇದ್ದರೂ ಸಂದೇಶ ಊರೂರು ಸುತ್ತಿ ಬಂದಿರುತ್ತದೆ.

ಈ ಎರಡನೇ ದಾರಿಯಲ್ಲಿ ಗಾಡಿ ಯಾರದ್ದು ಅಂತ ತೀರ್ಮಾನಿಸುವುದು ಸರ್ವರ್. ಆರ್‌ಸಿ ಪುಸ್ತಕ ಅದಕ್ಕೆ ಗೊತ್ತಿಲ್ಲ, ಚಾವಿಯೂ ಗೊತ್ತಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಾಲೂ ಆಗದಿದ್ದರೆ ಏನು ನೋಡಬೇಕು?

ಒಳಗೆ ಮನುಷ್ಯನಿಲ್ಲದೆ ಇಂಜಿನ್ ಓಡುವುದು ಅಪಾಯದ ಕೆಲಸ. ಅದಕ್ಕೇ ಗಾಡಿಯ ಕಂಪ್ಯೂಟರ್ ಹಲವು ಪ್ರಶ್ನೆ ಕೇಳುತ್ತದೆ. ಬಾಗಿಲು ಎಲ್ಲ ಹಾಕಿವೆಯಾ, ಲಾಕ್ ಆಗಿದೆಯಾ? ಬಾನೆಟ್ ಮುಚ್ಚಿದೆಯಾ? ಗೇರ್ ಪಾರ್ಕಿಂಗ್‌ನಲ್ಲಿದೆಯಾ? ಬ್ರೇಕ್ ಪೆಡಲ್ ಯಾರೂ ತುಳಿದಿಲ್ಲ ತಾನೇ? ಚಾವಿ ಒಳಗೇ ಬಿಟ್ಟಿಲ್ಲವಾ? ಬ್ಯಾಟರಿ, ಇಂಧನ ಸಾಕಷ್ಟಿದೆಯಾ? ಎಲ್ಲಕ್ಕೂ 'ಹೌದು' ಬಂದರೆ ಮಾತ್ರ ಸ್ಟಾರ್ಟ್. ಒಂದಕ್ಕೆ 'ಇಲ್ಲ' ಬಂದರೂ ಗಾಡಿ ಸುಮ್ಮನೆ ಕೂರುತ್ತದೆ. ಯಾಕೆ ಅಂತ ಹೇಳುವ ಸೌಜನ್ಯ ಎಲ್ಲ ಗಾಡಿಗೂ ಇಲ್ಲ.

ಆದ್ದರಿಂದ ಹುಡುಕುವುದಕ್ಕೆ ಒಂದು ಕ್ರಮ ಬೇಕು.

ಮೊದಲು ಒಳಗೆ ಕೂತು ಬಟನ್ ಒತ್ತಿ ಚಾಲೂ ಮಾಡಿ ನೋಡಿ. ಅದೂ ತಡವರಿಸಿದರೆ ತಪ್ಪು ರಿಮೋಟಿನದಲ್ಲ, ಬ್ಯಾಟರಿಯದು. ಗಾಡಿ ನಿಂತಿರುವಾಗ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ ಅಂತ. 12.2ರ ಹತ್ತಿರ ಬಂದರೆ ಸುಮಾರು ಅರ್ಧ ಖಾಲಿ. ಚಳಿಗಾಲದಲ್ಲಿ ಬ್ಯಾಟರಿ ಸಾಯುತ್ತದೆ ಅನ್ನುವುದು ಚಳಿದೇಶದವರ ಮಾತು. ನಮ್ಮ ಕಡೆ ಅದನ್ನು ಒಳಗಿಂದೊಳಗೇ ತಿನ್ನುವುದು ಬೇಸಿಗೆ.

ಎರಡನೆಯದು, ಚಾವಿಯೊಳಗಿನ ನಾಣ್ಯದಂಥ ಸೆಲ್. ಲಾಕ್, ಅನ್‌ಲಾಕ್ ಹತ್ತಿರ ಹೋದರೆ ಮಾತ್ರ ಆಗುತ್ತಿದೆ ಅಂದರೆ ಸೆಲ್ ಮುಗಿಯುತ್ತಾ ಬಂದಿದೆ. ಅನೇಕ ಚಾವಿಗಳಲ್ಲಿ ಇರುವುದು ಸಿಆರ್2032, ಮೂರು ವೋಲ್ಟಿನದು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಮೂರನೆಯದು ನಮ್ಮ ಸೀಮೆಗೆ ಮುಖ್ಯವಾದದ್ದು: ಬಾನೆಟ್ ಸ್ವಿಚ್. ಬಾನೆಟ್ ಕೊಂಡಿಯ ಹತ್ತಿರ ಇರುವ ಈ ಪುಟ್ಟ ಸ್ವಿಚ್ಚಿಗೆ ಎರೆಮಣ್ಣಿನ ಧೂಳು ಮೆತ್ತಿದರೆ, ಮುಚ್ಚಿದ ಬಾನೆಟ್ಟನ್ನೂ ತೆರೆದಿದೆ ಅಂತ ಅದು ವರದಿ ಮಾಡುತ್ತದೆ. ಯುಗಾದಿಗೆ ಊರಿಗೆ ಹೋದಾಗ ಕಾಕಾನ ಗಾಡಿಯದ್ದು ಇದೇ ರೋಗ. ಲಾಕ್ ಆಗುತ್ತಿತ್ತು, ಸ್ಟಾರ್ಟ್ ಆಗುತ್ತಿರಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಬಾನೆಟ್ ತೆರೆದ ಚಿತ್ರ ಆಗಾಗ ಮಿಣುಕಿ ಹೋಗುತ್ತಿದ್ದುದನ್ನು ಕಾಕಾ ಲೆಕ್ಕಕ್ಕೆ ಇಟ್ಟಿರಲಿಲ್ಲ. ಸರ್ವಿಸ್ ಸೆಂಟರ್ ಒಂದರಲ್ಲಿ ಮಾಡ್ಯೂಲ್ ಬದಲಿಸಬೇಕು, ಸಾವಿರಾರು ರೂಪಾಯಿ ಆಗುತ್ತದೆ ಅಂದಿದ್ದರಂತೆ. ಊರಿನ ಮೆಕ್ಯಾನಿಕ್ ಬ್ರಷ್ ಹಾಕಿ ಸ್ವಿಚ್ ತಿಕ್ಕಿ, ಕ್ಲೀನರ್ ಹೊಡೆದ. ಐದು ನಿಮಿಷದಲ್ಲಿ ಮುಗಿಯಿತು. ದುಡ್ಡು ಕೊಡಹೋದರೆ "ಚಾ ಕುಡಿಸ್ರಿ ಸಾಕು" ಅಂದ.

ನಾಲ್ಕನೆಯದು, ಇಂಜಿನ್ ಎಚ್ಚರಿಕೆ ದೀಪ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ಚಿತ್ರ ಉರಿಯುತ್ತಿದ್ದರೆ ಅನೇಕ ಗಾಡಿಗಳು ರಿಮೋಟ್ ಸ್ಟಾರ್ಟ್ ನಿರಾಕರಿಸುತ್ತವೆ. ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ ಸ್ಕ್ಯಾನರ್ ಹಾಕಿ ಕೋಡ್ ಓದಿಸಿ. ಕಾರಣ ಹುಡುಕದೆ ಕೋಡ್ ಮಾತ್ರ ಅಳಿಸಿ ಕಳಿಸುವವರನ್ನು ನಂಬಬೇಡಿ.

ಐದನೆಯದು, ಲೆಕ್ಕದ ಮಿತಿ. ಒಂದರ ಹಿಂದೊಂದು ಎರಡು ಸಲ ದೂರದಿಂದ ಚಾಲೂ ಮಾಡಿ ಓಡಿಸದೇ ಬಿಟ್ಟರೆ, ಕೆಲವು ಗಾಡಿಗಳು ಮೂರನೇ ಸಲ ಕೇಳುವುದಿಲ್ಲ. ಒಮ್ಮೆ ಒಳಗೆ ಕೂತು ಮಾಮೂಲಿಯಾಗಿ ಸ್ಟಾರ್ಟ್ ಮಾಡಿದರೆ ಮತ್ತೆ ಸರಿಹೋಗುತ್ತದೆ.

ಚಾವಿಯಿಂದ ಆಗುತ್ತದೆ, ಆ್ಯಪ್‌ನಿಂದ ಮಾತ್ರ ಆಗುವುದಿಲ್ಲ ಅಂದರೆ ಗಾಡಿ ಚೆನ್ನಾಗಿದೆ, ಕೆಟ್ಟಿರುವುದು ದಾರಿ. ನಾಲ್ಕೂ ಕಡೆ ತಗಡು ಇರುವ ಶೆಡ್ಡಿನಲ್ಲಿ, ನೆಲಮಾಳಿಗೆಯಲ್ಲಿ ಸಿಗ್ನಲ್ ಸಿಗುವುದಿಲ್ಲ. ಹಲವು ದಿನ ನಿಂತೇ ಇದ್ದರೆ ಮೋಡೆಮ್ ಗಾಢನಿದ್ದೆಗೆ ಹೋಗಿರುತ್ತದೆ, ಒಂದು ಸುತ್ತು ಓಡಿಸಿದರೆ ಏಳುತ್ತದೆ. ಅದೂ ಅಲ್ಲದಿದ್ದರೆ ಚಂದಾ ಮುಗಿದಿರಬಹುದು. ಅಥವಾ ಗಾಡಿ ಇನ್ನೂ ಬೇರೆಯವರ ಹೆಸರಿನ ಖಾತೆಯಲ್ಲೇ ಇರಬಹುದು.

ಇನ್ನೊಂದು ಎಚ್ಚರಿಕೆ. ಗೇರ್ ಹಾಕಿ ನಿಲ್ಲಿಸುವ ಅಭ್ಯಾಸ ಇರುವ ಮ್ಯಾನುಯಲ್ ಗಾಡಿಗೆ ಹೊರಗಿನ ಅಂಗಡಿಯಲ್ಲಿ ರಿಮೋಟ್ ಸ್ಟಾರ್ಟ್ ಕಿಟ್ ಹಾಕಿಸಬೇಡಿ. ನ್ಯೂಟ್ರಲ್ ಇದೆಯಾ ಅಂತ ಪಕ್ಕಾ ನೋಡುವ ವ್ಯವಸ್ಥೆ ಇಲ್ಲದ ಕಿಟ್ ಆದರೆ, ಸ್ಟಾರ್ಟರ್ ತಿರುಗಿದಾಗ ಗಾಡಿ ಮುಂದಕ್ಕೆ ಜಿಗಿಯುತ್ತದೆ. ಎದುರಿಗೆ ಆಡುವ ಮಕ್ಕಳಿರಬಹುದು.

ವಾಸನೆ ಇಲ್ಲದ ವಿಷ, ಕಾನೂನಿನ ಒಂದು ಸಾಲು

ಅಜ್ಜಿಯನ್ನು ಮೊದಲು ಹೊರಗೆ ಕರೆತರಲು ಹೇಳಿದ್ದು ಯಾಕೆ ಅಂದರೆ ಕಾರ್ಬನ್ ಮಾನಾಕ್ಸೈಡ್. ಇಂಧನ ಪೂರ್ತಿ ಉರಿಯದಿದ್ದಾಗ ಬರುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು ಬಂದರೆ ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಡೀಸೆಲ್ ಇಂಜಿನ್ ಪೆಟ್ರೋಲಿಗಿಂತ ಇದನ್ನು ಕಡಿಮೆ ಉಗುಳುತ್ತದೆ ನಿಜ, ಆದರೆ ಮುಚ್ಚಿದ ಜಾಗದಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಚಾವಿ ತಿರುಗಿಸದೇ ಬಟನ್‌ನಿಂದ ಓಡುವ ಗಾಡಿಗಳನ್ನು ಆಫ್ ಮಾಡಲು ಮರೆತು, ಮನೆಗಂಟಿದ ಗ್ಯಾರೇಜಿನಿಂದ ಹೊಗೆ ಒಳಗೆ ಬಂದು ಅಮೆರಿಕದಲ್ಲಿ 2006ರಿಂದೀಚೆಗೆ ಎರಡು ಡಜನ್‌ಗೂ ಹೆಚ್ಚು ಮಂದಿ ಸತ್ತಿದ್ದನ್ನು ನ್ಯೂಯಾರ್ಕ್ ಟೈಮ್ಸ್ 2018ರಲ್ಲಿ ವರದಿ ಮಾಡಿತ್ತು. ಸತ್ತವರಲ್ಲಿ ಹೆಚ್ಚಿನವರು ವಯಸ್ಸಾದವರು.

ನಮ್ಮಲ್ಲಿ ಗ್ಯಾರೇಜ್ ಇಲ್ಲದಿರಬಹುದು. ಶಟರ್ ಎಳೆದ ಅಂಗಡಿ, ಗೋಣಿಚೀಲ ಇಳಿಬಿಟ್ಟ ಶೆಡ್ಡು, ಮನೆಯೊಳಗೇ ಸೇರಿದ ಪೋರ್ಟಿಕೋ ಇವೆ. ನಿಯಮ ಸರಳ: ಗಾಡಿಯ ಸುತ್ತ ಗಾಳಿ ಆಡದಿದ್ದರೆ ದೂರದಿಂದ ಚಾಲೂ ಮಾಡಲೇಬಾರದು. ಗಾಡಿ ಕಣ್ಣಿಗೆ ಕಾಣದಿದ್ದರೂ ಮಾಡಬಾರದು. ಒಳಗೆ ಮಗು ಮಲಗಿದೆ, ಎಸಿ ಓಡುತ್ತದೆ ಬಿಡು ಅಂತ ಬಿಟ್ಟುಹೋಗುವುದಂತೂ ಬೇಡವೇ ಬೇಡ. ಹತ್ತು ನಿಮಿಷಕ್ಕೆ ಇಂಜಿನ್ ನಿಲ್ಲುತ್ತದೆ, ಆಮೇಲೆ ಅದು ಮತ್ತೆ ಕುಲುಮೆಯೇ.

ರಸ್ತೆಯಲ್ಲಿ ನಿಲ್ಲಿಸಿದ ಗಾಡಿಯಾದರೆ ಕಾನೂನಿನ ಪ್ರಶ್ನೆಯೂ ಇದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 126ರ ತಾತ್ಪರ್ಯ ಇಷ್ಟು: ಸಾರ್ವಜನಿಕ ಸ್ಥಳದಲ್ಲಿ ಗಾಡಿ ನಿಂತಿದ್ದರೆ ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇರುವವರು ಕೂತಿರಬೇಕು. ಇಲ್ಲವೇ ಇಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು, ಅಥವಾ ಗಾಡಿ ಅಕಸ್ಮಾತ್ ಚಲಿಸದಂತೆ ಬೇರೆ ಕ್ರಮ ಕೈಗೊಂಡಿರಬೇಕು. ಆ ಕೊನೆಯ 'ಬೇರೆ ಕ್ರಮ'ದಲ್ಲಿ ರಿಮೋಟ್ ಸ್ಟಾರ್ಟಿನ ಲಾಕುಗಳು ಸೇರುತ್ತವೆ ಅಂತ ವಾದಿಸಬಹುದು. ಆದರೆ ಕಾಯ್ದೆ ಬರೆದಾಗ ಚಾಲಕನಿಲ್ಲದೆ ಇಂಜಿನ್ ಓಡಿಸುವ ಸೌಲಭ್ಯ ಯಾರ ಮನಸ್ಸಿನಲ್ಲೂ ಇರಲಿಲ್ಲ. ಅದಕ್ಕೇ ನನ್ನ ಸಲಹೆ, ಸ್ವಂತ ಅಂಗಳ ಬಿಟ್ಟು ಹೊರಗೆ ಇದನ್ನು ಬಳಸದಿರುವುದೇ ಒಳ್ಳೆಯದು. ಬಸ್ ಸ್ಟ್ಯಾಂಡಿನ ಮುಂದೆ ಗಾಡಿ ಕಾದಿದ್ದರೆ ಎರಡೂ ಕಡೆ ಕಿಟಕಿ ಇಳಿಸಿ, ಬಿಸಿಗಾಳಿ ಹೊರಹೋಗಲು ಬಿಟ್ಟು, ಆಮೇಲೆ ಎಸಿ ಹಾಕಿ ಹೊರಡಿ. ಖರ್ಚೂ ಉಳಿಯುತ್ತದೆ.

ಒಂದೂರಿನ ಗಾಡಿ, ಇನ್ನೊಂದೂರಿನ ಮೊಬೈಲ್

ಈಗ ಆ ಮಧ್ಯಾಹ್ನಕ್ಕೆ ಬರೋಣ. ಕಾಕಾ ಆ್ಯಪ್ ಬಳಸುವವರೇ ಅಲ್ಲ. ಅವರ ಫೋನಿನಲ್ಲಿ ಅದು ಇಲ್ಲವೇ ಇಲ್ಲ. ಚಾವಿ ಒತ್ತಿಲ್ಲ. ಎರಡನೇ ಚಾವಿ ಬೀರುವಿನಲ್ಲಿದೆ. ಹಾಗಿದ್ದರೆ ಉಳಿದದ್ದು ಒಂದೇ ಸಾಧ್ಯತೆ. ಮಧ್ಯವರ್ತಿಯಿಂದ ಹಳೆಯ ಮಾಲೀಕರ ನಂಬರ್ ತೆಗೆದುಕೊಂಡು ಫೋನ್ ಮಾಡಿದೆ. ಬೆಂಗಳೂರಿನ ಉದ್ಯೋಗಸ್ಥರು, ಒಳ್ಳೆಯ ಮನುಷ್ಯ. ಅದೇ ಕಂಪನಿಯ ಹೊಸ ಗಾಡಿ ಕೊಂಡಿದ್ದಾರೆ. ಆ್ಯಪ್‌ನಲ್ಲಿ ಎರಡೂ ಗಾಡಿ ಕಾಣುತ್ತವೆ. ಅವತ್ತು ಆಫೀಸಿನಿಂದ ಹೊರಡುವ ಮುಂಚೆ ಎಸಿ ಹಾಕಲು ಹೋಗಿ ತಪ್ಪು ಗಾಡಿಯ ಮೇಲೆ ಒತ್ತಿದ್ದಾರೆ. ಹಲವು ಸಲ ಕ್ಷಮೆ ಕೇಳಿದರು.

ಕೊನೆಗೆ ತುಸು ಮುಜುಗರದಿಂದ ಒಂದು ಮಾತು ಸೇರಿಸಿದರು: "ಸರ್, ನಾನು ಬೇಕಂತ ನೋಡಿಲ್ಲ. ಆದರೆ ಗಾಡಿ ಎಲ್ಲಿದೆ ಅಂತ ಮ್ಯಾಪ್‌ನಲ್ಲಿ ಬರ್ತಾನೇ ಇತ್ತು. ಮಸ್ಕಿ ಕಡೆ ಜಾಸ್ತಿ ಹೋಗುತ್ತಲ್ವಾ?"

ನನಗೆ ಬೆನ್ನು ತಣ್ಣಗಾದದ್ದು ಆಗ. ಇಂಜಿನ್ ಚಾಲೂ ಆದದ್ದು ಸದ್ದು ಮಾಡಿತು, ಹಾಗಾಗಿ ಗೊತ್ತಾಯಿತು. ಅಷ್ಟು ತಿಂಗಳು ಗಾಡಿ ಎಲ್ಲಿ ನಿಂತಿತು, ಯಾವಾಗ ಹೊರಟಿತು ಅನ್ನುವುದು ಸದ್ದಿಲ್ಲದೆ ಇನ್ನೊಬ್ಬರ ಮೊಬೈಲಿಗೆ ಹೋಗುತ್ತಿತ್ತು. ಅವರು ಸಜ್ಜನರಾಗಿದ್ದದ್ದು ನಮ್ಮ ಅದೃಷ್ಟ. ಗಂಡನ ಹಿಂಸೆ ತಾಳದೆ ಗಾಡಿ ತೆಗೆದುಕೊಂಡು ತವರಿಗೆ ಬಂದ ಹೆಣ್ಣುಮಗಳ ವಿಷಯದಲ್ಲಿ ಇದನ್ನು ಯೋಚಿಸಿ. ಮರಳು ದಂಧೆಯ ವಿರುದ್ಧ ಓಡಾಡುವ ಒಬ್ಬ ಕಾರ್ಯಕರ್ತ ಕೊಂಡ ಹಳೆಯ ಗಾಡಿಯ ವಿಷಯದಲ್ಲಿ ಯೋಚಿಸಿ.

ಸರಿಪಡಿಸಲು ಕಂಪನಿಯ ಕಾಲ್ ಸೆಂಟರಿಗೆ ಫೋನ್ ಮಾಡಿದೆವು. ಆರ್‌ಸಿ ಕಾಕಾನ ಹೆಸರಲ್ಲಿ, ವಿಮೆ ಕಾಕಾನ ಹೆಸರಲ್ಲಿ. ಆದರೂ ಹಳೆಯ ಮಾಲೀಕರು ತಮ್ಮ ಖಾತೆಯಿಂದ ಗಾಡಿ ಬಿಟ್ಟುಕೊಡಬೇಕು ಅನ್ನುವ ಉತ್ತರ ಬಂತು. ರಾಜ್ಯ ಸರ್ಕಾರ ಮಾಲೀಕ ಅಂತ ಒಪ್ಪಿದವರನ್ನು ಸರ್ವರ್ ಒಪ್ಪಿರಲಿಲ್ಲ. ಹಳೆಯ ಮಾಲೀಕರು ಅವತ್ತೇ ತೆಗೆದುಹಾಕಿದರು, ಮುಗಿಯಿತು. ಅವರು ವಿದೇಶಕ್ಕೆ ಹೋಗಿದ್ದರೆ, ತೀರಿಕೊಂಡಿದ್ದರೆ, ಫೋನ್ ಎತ್ತದಿದ್ದರೆ?

ಇದು ಒಬ್ಬರ ಮನೆಯ ಕಥೆಯಲ್ಲ

ಸರ್ವರ್ ಮೂಲಕ ಹೋಗುವ ಚಾವಿಗೆ ಎಂಥೆಂಥ ಕೈಗಳು ಸಿಕ್ಕಬಹುದು ಅನ್ನುವುದಕ್ಕೆ ಹೊರದೇಶದ ಉದಾಹರಣೆಗಳಿವೆ. 2024ರಲ್ಲಿ ಸ್ಯಾಮ್ ಕರ್ರಿ ಮತ್ತು ಸಂಗಡಿಗ ಸಂಶೋಧಕರು ಅಮೆರಿಕದ ಕಿಯಾ ಗಾಡಿಗಳ ಜಾಲದಲ್ಲಿ ಒಂದು ಬಿರುಕು ಕಂಡುಹಿಡಿದರು. ನಂಬರ್ ಪ್ಲೇಟ್ ಒಂದು ಗೊತ್ತಿದ್ದರೆ ಸುಮಾರು ಅರ್ಧ ನಿಮಿಷದಲ್ಲಿ ಗಾಡಿಯ ಲಾಕ್ ತೆಗೆಯುವುದು, ಇಂಜಿನ್ ಚಾಲೂ ಮಾಡುವುದು, ಎಲ್ಲಿದೆ ಅಂತ ಹುಡುಕುವುದು ಸಾಧ್ಯವಿತ್ತು. ಕಂಪನಿ ಸರಿಪಡಿಸಿದ ಮೇಲೆ ಅವರು ಅದನ್ನು ಬಹಿರಂಗಪಡಿಸಿದರು. 2025ರ ಜನವರಿಯಲ್ಲಿ ಸುಬಾರು ಗಾಡಿಗಳ ಇಂಥದ್ದೇ ಬಿರುಕಿನ ವಿವರ ಬಂತು. ಅಲ್ಲಿ ಒಂದು ವರ್ಷದ ಓಡಾಟದ ಇತಿಹಾಸವೇ ತೆರೆದುಕೊಳ್ಳುತ್ತಿತ್ತು. ಮೊಝಿಲ್ಲಾ ಪ್ರತಿಷ್ಠಾನ 2023ರಲ್ಲಿ 25 ಕಾರ್ ಬ್ರ್ಯಾಂಡ್‌ಗಳ ಖಾಸಗಿತನದ ನೀತಿಗಳನ್ನು ಓದಿ ನೋಡಿದಾಗ ಒಂದೂ ಪಾಸಾಗಲಿಲ್ಲ.

ಇನ್ನು ಚಂದಾದ ಮಾತು. ನಮ್ಮಲ್ಲಿ ಸಾಮಾನ್ಯವಾಗಿ ಮೊದಲ ಕೆಲವು ವರ್ಷ ಈ ಸೇವೆ ಉಚಿತ, ಆಮೇಲೆ ಹಣ. ಸರ್ವರ್ ನಡೆಸಲು, ಸಿಮ್ಮಿಗೆ ಖರ್ಚಿದೆ, ಒಪ್ಪೋಣ. ಆದರೆ 2021ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಟೊಯೊಟಾ ವಿವಾದಕ್ಕೆ ಸಿಕ್ಕಿದ್ದು ಬೇರೆ ಕಾರಣಕ್ಕೆ. ಅದರ ಕೆಲವು ಗಾಡಿಗಳಲ್ಲಿ ಉಚಿತ ಅವಧಿ ಮುಗಿದ ಮೇಲೆ ಚಾವಿಯಿಂದ ಮಾಡುವ ರಿಮೋಟ್ ಸ್ಟಾರ್ಟಿಗೂ ಚಂದಾ ಬೇಕಿತ್ತು. ಮೇಲೆ ಹೇಳಿದ ಮೊದಲ ದಾರಿ ನೆನಪಿಸಿಕೊಳ್ಳಿ. ಅಲ್ಲಿ ಸರ್ವರಿಗೆ ಕೆಲಸವೇ ಇಲ್ಲ. ಕೊಂಡ ಗಾಡಿಯಲ್ಲಿ ಆಗಲೇ ಇರುವ ಸಾಮರ್ಥ್ಯಕ್ಕೆ ಬಾಡಿಗೆ ಕೇಳಿದಂತೆ ಇದು. ಗದ್ದಲವಾದ ಮೇಲೆ ಪರಿಶೀಲಿಸುವುದಾಗಿ ಕಂಪನಿ ಹೇಳಿತು. ಚಂದಾ ಕಟ್ಟಿದರೂ ಟವರ್ ಕೈಕೊಡಬಹುದು. 2022ರಲ್ಲಿ ಅಮೆರಿಕದ ಎಟಿ ಆ್ಯಂಡ್ ಟಿ ತನ್ನ 3ಜಿ ಜಾಲ ಮುಚ್ಚಿದಾಗ ಅದನ್ನೇ ನಂಬಿದ್ದ ಹಲವು ಕಂಪನಿಗಳ ಹಳೆಯ ಗಾಡಿಗಳು ಈ ಸೌಲಭ್ಯ ಕಳೆದುಕೊಂಡವು. ಇಂಜಿನ್ ಇಪ್ಪತ್ತು ವರ್ಷ ಬಾಳುತ್ತದೆ, ಮೋಡೆಮ್ಮಿಗೆ ಅಷ್ಟು ಆಯುಷ್ಯವಿಲ್ಲ.

ನಮ್ಮ ಕಾನೂನು ಎಲ್ಲಿದೆ? ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಅದರ ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳ ಮುಖ್ಯ ಹೊಣೆಗಳಿಗೆ ಮತ್ತೆ 18 ತಿಂಗಳ ಕಾಲಾವಕಾಶ ಕೊಟ್ಟು. ಕಾಯ್ದೆ ನಿಂತಿರುವುದು ಬಹುಮಟ್ಟಿಗೆ 'ಒಪ್ಪಿಗೆ'ಯ ಮೇಲೆ. ಈ ಗಾಡಿಯ ವಿಷಯದಲ್ಲಿ ಒಪ್ಪಿಗೆ ಕೊಟ್ಟವರು ಹಳೆಯ ಮಾಲೀಕರು. ಓಡಾಟದ ದತ್ತಾಂಶ ಕಾಕಾನದ್ದು. ಅವರನ್ನು ಯಾರೂ ಕೇಳಿಯೇ ಇಲ್ಲ.

ಆರ್‌ಟಿಒದಲ್ಲಿ ಮಾಲೀಕತ್ವ ಬದಲಾಯಿಸಲು ನಮೂನೆ 29, ನಮೂನೆ 30 ತುಂಬುತ್ತೇವೆ. ಇಂಜಿನ್ ನಂಬರ್, ಚಾಸಿ ನಂಬರ್ ಎಲ್ಲ ಬೇಕು. ಗಾಡಿಗೆ ಜೋಡಿಸಿದ ಆ್ಯಪ್ ಖಾತೆ ಕೇಳುವ ಒಂದು ಸಾಲು ಅದರಲ್ಲಿಲ್ಲ. ಹಳೆಯ ಗಾಡಿ ಮಾರುವ ಡೀಲರ್‌ಗಳಿಗೆ ಅಧಿಕೃತ ಮಾನ್ಯತೆ ಕೊಡುವ, ಮಾರಾಟವಾಗುವ ತನಕ ಅವರನ್ನೇ ಮಾಲೀಕರೆಂದು ಪರಿಗಣಿಸುವ ಕೇಂದ್ರದ ನಿಯಮ 2023ರ ಏಪ್ರಿಲ್‌ನಿಂದ ಇದೆ. ಗಾಡಿ ಕೈಬದಲಾಗುವ ಮುನ್ನ ಹಳೆಯ ಖಾತೆ ಅಳಿಸಿರಬೇಕು, ಹೊಸ ಆರ್‌ಸಿ ತೋರಿಸಿದರೆ ಕಂಪನಿ ತಾನೇ ಅಳಿಸಿಕೊಡಬೇಕು ಅಂತ ಆ ನಿಯಮಕ್ಕೆ ಸೇರಿಸಲು ಸಂಸತ್ತು ಕೂಡಬೇಕಿಲ್ಲ, ಸಾರಿಗೆ ಸಚಿವಾಲಯದ ಒಂದು ಅಧಿಸೂಚನೆ ಸಾಕು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರಿಪೇರಿ ಹಕ್ಕು' ಪೋರ್ಟಲ್ ತೆರೆದಾಗ ವಾಹನ ಕ್ಷೇತ್ರವನ್ನೂ ಸೇರಿಸಿತ್ತು. ರಿಪೇರಿಯ ಹಕ್ಕಿನಲ್ಲಿ ಬಿಡಿಭಾಗದಷ್ಟೇ ಮುಖ್ಯವಾಗಿ ಈ ಡಿಜಿಟಲ್ ಚಾವಿಯೂ ಸೇರಬೇಕು ಅಂತ ಕೇಳುವವರು ನಾವಾಗಬೇಕು.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು

ಗಾಡಿ ಮಾರುವವರು: ಆ್ಯಪ್‌ನಿಂದ ಗಾಡಿ ತೆಗೆದುಹಾಕಿ. ಫೋನಿನಿಂದ ಆ್ಯಪ್ ಅಳಿಸಿದರೆ ಸಾಲದು, ಖಾತೆಯೊಳಗೆ ಹೋಗಿ ಗಾಡಿಯನ್ನೇ ಅಳಿಸಬೇಕು. ಗಾಡಿಯ ಪರದೆಯಲ್ಲಿ ಉಳಿದ ಫೋನ್ ನಂಬರ್‌ಗಳು, ಮನೆ ವಿಳಾಸ ಎಲ್ಲ ಅಳಿಸಿ.

ಕೊಳ್ಳುವವರು: ಪೂರ್ತಿ ದುಡ್ಡು ಕೊಡುವ ಮೊದಲು ಹಳೆಯ ಮಾಲೀಕರ ಫೋನಿನಲ್ಲೇ ಗಾಡಿ ಅಳಿಸಿದ್ದನ್ನು ಕಣ್ಣಾರೆ ನೋಡಿ. ಗಾಡಿಯ ಪರದೆಯ ಸೆಟ್ಟಿಂಗ್‌ನಲ್ಲಿ ಸಂಪರ್ಕ ಸೇವೆ ಚಾಲೂ ಇದೆಯಾ ನೋಡಿ. ಆ್ಯಪ್ ನಿಮಗೆ ಬೇಡದಿದ್ದರೂ ಒಮ್ಮೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಖಾಲಿ ಬಿಟ್ಟ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ. ಎರಡೂ ಚಾವಿ ಕೇಳಿ ಪಡೆಯಿರಿ.

ಗಾಡಿ ತಾನಾಗಿ ಚಾಲೂ ಆದರೆ: ಜನ ಮೊದಲು, ಗಾಳಿ ಎರಡನೆಯದು, ಗಾಡಿ ಆಮೇಲೆ. ಸಮಯ ಬರೆದಿಟ್ಟುಕೊಳ್ಳಿ, ಪರದೆಯ ಫೋಟೋ ತೆಗೆಯಿರಿ, ಕಂಪನಿಗೆ ಇಮೇಲ್‌ನಲ್ಲೇ ದೂರು ಕೊಡಿ. ಫೋನಿನಲ್ಲಿ ಆಡಿದ ಮಾತಿಗೆ ಆಮೇಲೆ ಯಾರೂ ಹೊಣೆಯಾಗುವುದಿಲ್ಲ.

ಕಾಕಾ ಈಗಲೂ ಆ್ಯಪ್ ಹಾಕಿಕೊಂಡಿಲ್ಲ. ಖಾತೆಯನ್ನು ನನ್ನ ತಂಗಿ ಅವರ ಹೆಸರಿಗೆ ಮಾಡಿ, ಪಾಸ್‌ವರ್ಡ್ ಬರೆದ ಚೀಟಿಯನ್ನು ಆರ್‌ಸಿ ಜೊತೆ ಬೀರುವಿನಲ್ಲಿಟ್ಟಿದ್ದಾಳೆ. ಬಿಸಿಲು ಜೋರಿದ್ದ ದಿನ ಅವರು ಶೆಡ್ಡಿನ ಗೇಟು ಪೂರ್ತಿ ತೆಗೆದು, ಅಂಗಳದಲ್ಲಿ ನಿಂತು ಚಾವಿಯ ಬಟನ್ನನ್ನೇ ಒತ್ತುತ್ತಾರೆ. ಒತ್ತುವ ಮೊದಲು ಒಳಗಿನ ಕಡೆ ತಿರುಗಿ ಒಮ್ಮೆ ಕೂಗುತ್ತಾರೆ: "ಅವ್ವಾ, ಆ ಕಿಟಕಿ ಹಾಕೀ ಏನ?"